ಮಂಚದಿಂದ ಬಚ್ಚಲಿಗೆ ಹದಿನಾಲ್ಕು ಹೆಜ್ಜೆ

ಬೆಳಗಿನ ಜಾವ ಒಂದು ಸಲ ಕೊಪ್ಪದ ಸೇತುವೆಯ ಮೇಲೆ ನಿಂತು ನೋಡಿ, ಗೆಳೆಯರೇ. ಕೆಳಗೆ ಕಾವೇರಿ. ಆ ದಡದಲ್ಲಿ ಕುಶಾಲನಗರ, ಈ ದಡದಲ್ಲಿ ನಮ್ಮ ಪಿರಿಯಾಪಟ್ಟಣ ತಾಲೂಕು. ಮಂಜಿನ ಒಳಗಿಂದ ಬಂದ ಬಸ್ಸು ನಿಂತ ಕೂಡಲೇ ಬೆನ್ನಿಗೆ ಬ್ಯಾಗು ಏರಿಸಿಕೊಂಡ ಹುಡುಗರು, ಕಿವಿಗೆ ವೈರು ಸಿಕ್ಕಿಸಿಕೊಂಡ ಹುಡುಗಿಯರು ಹತ್ತುತ್ತಾರೆ. ಪಿರಿಯಾಪಟ್ಟಣ ದಾಟಿ, ಹುಣಸೂರು ದಾಟಿ ಬಸ್ಸು ಮೈಸೂರು ಸೇರುತ್ತದೆ. ಅಲ್ಲಿಂದ ಬೆಂಗಳೂರು. ಅಲ್ಲಿಂದ ಎಲ್ಲಿಗೋ. ಹೋಗಬೇಡಿ ಎನ್ನಲು ನಾನು ಯಾರು? ಹೋಗಿ. ಓದಿ. ದುಡಿಯಿರಿ. ಆದರೆ ಬಸ್ಸು ಹೊರಟ ಮೇಲೆ ಬೀದಿಯಲ್ಲಿ ಉಳಿಯುವ ಆ ಮೌನವನ್ನು ಕೇಳಿದ್ದೀರಾ? ನೀವು ಎಳೆದುಕೊಂಡು ಬಂದ ಬಾಗಿಲ ಹಿಂದೆ ಯಾರಿದ್ದಾರೆ?

ಒಬ್ಬ ಅಜ್ಜಿ ಇದ್ದಾರೆ. ಒಬ್ಬ ತಾತ ಇದ್ದಾರೆ. ಒಬ್ಬರೇ ಇದ್ದಾರೆ.

ಅಂಥ ಒಂದು ಮನೆಗೆ ನಾನು ಹೋಗಿದ್ದೆ. ಹೆಂಚಿನ ಮನೆ, ಮುಂದೆ ಜಗುಲಿ, ಹಿಂದೆ ಆಮೇಲೆ ಸೇರಿಸಿ ಕಟ್ಟಿದ ಸಿಮೆಂಟಿನ ಬಚ್ಚಲು. ಮಂಚದಿಂದ ಬಚ್ಚಲಿಗೆ ಎಷ್ಟು ಹೆಜ್ಜೆ ಎಂದು ಅಜ್ಜಿಯ ಜೊತೆಗೇ ನಡೆದು ಎಣಿಸಿದೆ. ಹದಿನಾಲ್ಕು. ನಾಲ್ಕನೆಯ ಹೆಜ್ಜೆಗೆ ಎತ್ತರದ ಹೊಸ್ತಿಲು. ಒಂಬತ್ತನೆಯದಕ್ಕೆ ನೆಲದ ಮೇಲೆ ಹರಿದಾಡುವ ಎಕ್ಸ್‌ಟೆನ್ಷನ್ ವೈರು. ಹನ್ನೆರಡನೆಯದಕ್ಕೆ ಒಂದು ಗೇಣು ಕೆಳಗಿಳಿಯುವ ಮೆಟ್ಟಿಲು, ಅದರ ಅಂಚಿಗೆ ಹಸಿರು ಪಾಚಿ. ಅಲ್ಲಿಗೆ ಬಂದಾಗ ಅಜ್ಜಿಯ ಬಲಗೈ ತಾನಾಗಿಯೇ ಮೇಲೆ ಹೋಯಿತು, ಸೀರೆ ಒಣಹಾಕುವ ನೈಲಾನ್ ಹಗ್ಗ ಹಿಡಿಯಿತು. ಹಗ್ಗದ ಇನ್ನೊಂದು ತುದಿ ಮಣ್ಣಿನ ಗೋಡೆಗೆ ಹೊಡೆದ ಎರಡಿಂಚಿನ ಮೊಳೆಗೆ ಕಟ್ಟಿತ್ತು. ಮೊಳೆ ಅಲ್ಲಾಡುತ್ತಿತ್ತು. ಫೋನು ಎಲ್ಲಿ ಎಂದು ಕೇಳಿದೆ. ಮುಂದಿನ ಕೋಣೆಯಲ್ಲಿ, ದೇವರ ಫೋಟೋದ ಪಕ್ಕ, ಧೂಳು ಕೂರಬಾರದೆಂದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ನೇತುಹಾಕಿತ್ತು. ಮಗ ಪ್ರತಿ ಭಾನುವಾರ ತಪ್ಪದೆ ಮಾತಾಡುತ್ತಾನಂತೆ.

ಮಗ ಒಳ್ಳೆಯವನು. ಆದರೆ ಅಜ್ಜಿ ಸೋಮವಾರ ಬಿದ್ದರೆ?

ಈ ಪ್ರಶ್ನೆಯನ್ನು ತಮಾಷೆ ಎಂದುಕೊಳ್ಳಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಪ್ರಪಂಚದಾದ್ಯಂತ ವರ್ಷಕ್ಕೆ ಸುಮಾರು 6,84,000 ಮಂದಿ ಬಿದ್ದು ಸಾಯುತ್ತಾರೆ. ಆಕಸ್ಮಿಕ ಗಾಯದ ಸಾವುಗಳಲ್ಲಿ ರಸ್ತೆ ಅಪಘಾತದ ನಂತರದ ಸ್ಥಾನ ಇದಕ್ಕೇ. ಹೀಗೆ ಸಾಯುವವರಲ್ಲಿ ಅರವತ್ತು ದಾಟಿದವರೇ ಹೆಚ್ಚು. ರಸ್ತೆಗೆ ಹೆಲ್ಮೆಟ್ ಕಾನೂನಿದೆ, ಹಂಪ್ ಇದೆ, ಪೊಲೀಸ್ ಇದ್ದಾರೆ. ಬಚ್ಚಲಿಗೆ ಏನಿದೆ? ಅಲ್ಲಾಡುವ ಒಂದು ಮೊಳೆ ಇದೆ. 2011ರ ಜನಗಣತಿಯಲ್ಲೇ ಕರ್ನಾಟಕದಲ್ಲಿ ಅರವತ್ತು ದಾಟಿದವರು ಸುಮಾರು 58 ಲಕ್ಷ ಇದ್ದರು. ಅದಾಗಿ ಎಷ್ಟು ವರ್ಷವಾಯಿತು ಎಂದು ನೀವೇ ಎಣಿಸಿಕೊಳ್ಳಿ.

ಈ ಮುದುಕರು ಯಾರು ಎಂಬುದು ನಮಗೆ ಗೊತ್ತೇ? ಹುಣಸೂರು ತಾಲೂಕಿನ ಕಲ್ಲಹಳ್ಳಿಯಿಂದ ಬಂದ ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ 1974ರಲ್ಲಿ ಭೂಸುಧಾರಣೆ ಜಾರಿಗೆ ಬಂತು. ಉಳುವ ನೆಲದ ಹಕ್ಕು ಕೇಳುವ ಏಳನೇ ನಮೂನೆಯ ಅರ್ಜಿ ಹಿಡಿದು, ಒಡೆಯನ ಕಣ್ಣಿಗೆ ಕಣ್ಣು ಕೊಡಲು ಹೆದರುತ್ತಲೇ, ಭೂ ನ್ಯಾಯಮಂಡಳಿಯ ಮುಂದೆ ನಿಂತ ಇಪ್ಪತ್ತೈದರ ಗೇಣಿದಾರನಿಗೆ ಈಗ ಎಪ್ಪತ್ತೈದು ದಾಟಿದೆ. ಅದೇ ಹೊತ್ತಿಗೆ ಎಚ್.ಡಿ. ಕೋಟೆಯಲ್ಲಿ ಕಬಿನಿ ಜಲಾಶಯ ಎದ್ದಿತು. ಊರನ್ನು ನೀರಿಗೆ ಬಿಟ್ಟು, ಬೇರೆಡೆ ಗುಡಿಸಲು ಹಾಕಿ, ಮತ್ತೆ ಮೊದಲಿನಿಂದ ಬದುಕು ಕಟ್ಟಿದ ಹೆಂಗಸು ಈಗ ಎದ್ದು ನಿಲ್ಲಲು ಗೋಡೆ ಹುಡುಕುತ್ತಾಳೆ. ಕೆ.ಆರ್. ನಗರದ ನಾಲೆ ಬಯಲಿನಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ನಾಟಿ ಹಾಕಿದವಳು ಅವಳು. ಪಿರಿಯಾಪಟ್ಟಣದ ಕೆಂಪು ಮಣ್ಣಿನಲ್ಲಿ ಹೊಗೆಸೊಪ್ಪು ಬೆಳೆದು, ಕುಯ್ದು, ಕಟ್ಟಿ, ಸೊಪ್ಪು ಹದಮಾಡುವ ಬ್ಯಾರನ್ನಿಗೆ ಏರಿಸಿ, ಸೊಪ್ಪು ಬೇಯುವಷ್ಟೂ ದಿನ ರಾತ್ರಿ ಕಣ್ಣು ಮುಚ್ಚದೆ ಬೆಂಕಿ ಕಾದವನು ಅವನು. ಆ ಬೆಂಕಿಯಲ್ಲಿ ನಮ್ಮ ಶಾಲೆಯ ಫೀಸು ಬೆಂದಿದೆ. ನಮ್ಮ ಮೊಬೈಲು, ನಮ್ಮ ಬೈಕು, ನಮ್ಮ ಬಸ್ ಚಾರ್ಜು ಆ ಬೆಂಕಿಯಿಂದಲೇ ಬಂದಿವೆ. ಸೊಪ್ಪಿನ ಬಣ್ಣ ಕೆಟ್ಟೀತೆಂದು ರಾತ್ರಿ ನಾಲ್ಕು ಸಲ ಎದ್ದು ಬ್ಯಾರನ್ನಿನ ಉಷ್ಣಮಾಪಕ ನೋಡಿದ ಮನುಷ್ಯ ಇಂದು ರಾತ್ರಿ ಅದೇ ನಾಲ್ಕು ಸಲ ಮೂತ್ರಕ್ಕೆ ಏಳುತ್ತಾನೆ. ಕತ್ತಲಲ್ಲಿ. ಒಬ್ಬನೇ.

ಉಳುವವನೇ ಹೊಲದೊಡೆಯನಾದ. ತನ್ನ ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಅವನಿಗೊಂದು ಹಿಡಿ ಇಲ್ಲ.

ನಮ್ಮವರು ಎಂಬ ಮಾತು ಇಷ್ಟಕ್ಕೆ ನಿಲ್ಲುವುದಿಲ್ಲ. ಕೊಪ್ಪದಿಂದ ಒಳಗೆ ತಿರುಗಿದರೆ ಬೈಲುಕುಪ್ಪೆ. 1960ರ ದಶಕದ ಆರಂಭದಲ್ಲಿ ಮನೆಮಠ ಕಳೆದುಕೊಂಡು ಬಂದ ಟಿಬೆಟನ್ನರು ಇಲ್ಲಿ ಕಾಡು ಸವರಿ ಜೋಳ ಬಿತ್ತಿದರು. ನೀವು ಸೆಲ್ಫಿಗೆ ಹೋಗುವ ಆ ಸ್ವರ್ಣ ದೇವಾಲಯದ ಸುತ್ತ ಬೆಳಗ್ಗೆ ಜಪಮಣಿ ಎಣಿಸುತ್ತ ಬಾಗಿ ನಡೆಯುವ ಮುದುಕ ಮುದುಕಿಯರನ್ನು ಕಂಡಿದ್ದೀರಿ. ಅವರ ಮೊಮ್ಮಕ್ಕಳೂ ಬಸ್ಸು ಹತ್ತಿದ್ದಾರೆ, ವಿಮಾನವನ್ನೂ ಹತ್ತಿದ್ದಾರೆ. ಅವರ ಟಿಬೆಟನ್ ಕ್ಯಾಂಪಿನಲ್ಲಿ ವೃದ್ಧಾಶ್ರಮವಿದೆ, ನಿಜ. ಆದರೆ ತನ್ನ ಮನೆಯಲ್ಲೇ ಇರುತ್ತೇನೆ ಎನ್ನುವ ಹಟ ಎಲ್ಲ ಭಾಷೆಯ ಮುದುಕರಿಗೂ ಒಂದೇ. ಆ ಹಟ ನನಗೆ ಇಷ್ಟ. ಅದನ್ನು ಮುರಿಯುವುದು ನಮ್ಮ ಕೆಲಸವಲ್ಲ. ಆ ಹಟ ಹಿಡಿದವರು ಬೀಳದಂತೆ ನೋಡಿಕೊಳ್ಳುವುದು ನಮ್ಮ ಕೆಲಸ.

ಯಾರ ಕೆಲಸ? ಸರ್ಕಾರದ್ದೇ? ಮಕ್ಕಳದ್ದೇ? ಪಂಚಾಯಿತಿಯದ್ದೇ? ಎಲ್ಲರದ್ದೂ ಹೌದು. ಆದರೆ ಮೊಳೆ ಅಲ್ಲಾಡುತ್ತಿರುವುದು ಇವತ್ತು. ಡ್ರಿಲ್ಲಿಂಗ್ ಮಷೀನು ಇರುವುದು ನಿಮ್ಮ ಕೈಯಲ್ಲಿ.

ನಿಮ್ಮ ಕೈಯನ್ನೊಮ್ಮೆ ನೋಡಿಕೊಳ್ಳಿ. ಗಣೇಶನ ಹಬ್ಬ ಬಂದರೆ ಒಂದೇ ರಾತ್ರಿಯಲ್ಲಿ ಪೆಂಡಾಲು ಎಬ್ಬಿಸಿ, ಸೀರಿಯಲ್ ಸೆಟ್ ಎಳೆದು, ಜನರೇಟರು ಕೂರಿಸಿ, ಇಡೀ ಬೀದಿಯನ್ನು ಹಗಲು ಮಾಡುವ ಕೈಗಳಿವು. ಐಟಿಐನಲ್ಲಿ ಫಿಟ್ಟರ್ ಕಲಿತವರಿದ್ದೀರಿ, ವೈರಿಂಗ್ ಬಲ್ಲವರಿದ್ದೀರಿ, ಶುಂಠಿ ಹೊಲದಲ್ಲಿ ಪೈಪು ಜೋಡಿಸಿ ನೀರು ಹಾಯಿಸಿದವರಿದ್ದೀರಿ, ನರ್ಸಿಂಗ್ ಓದುತ್ತಿರುವವರಿದ್ದೀರಿ, ಏನೂ ಕಲಿಯದಿದ್ದರೂ ಅಜ್ಜಿಯರ ಜೊತೆ ಹರಟೆ ಹೊಡೆಯಲು ಬಲ್ಲವರಿದ್ದೀರಿ. (ಈ ಕೆಲಸದಲ್ಲಿ ಆ ಕೊನೆಯವರೇ ಎಲ್ಲರಿಗಿಂತ ಮುಖ್ಯ ಎಂದು ನನಗೆ ತಡವಾಗಿ ಗೊತ್ತಾಯಿತು.) ಪೆಂಡಾಲು ಕಟ್ಟುವ ಕೈಗೆ ಒಂದು ಹಿಡಿಕಂಬ ನೆಡುವುದು ಯಾವ ಲೆಕ್ಕ? ಬೀದಿಯನ್ನೆಲ್ಲ ಬೆಳಗುವವರಿಗೆ ಮಂಚದ ತಲೆದೆಸೆಗೆ ಒಂದು ಸ್ವಿಚ್ಚು ಎಳೆಯುವುದು ಯಾವ ಲೆಕ್ಕ?

ಯಾವ ಲೆಕ್ಕವೂ ಅಲ್ಲ. ಆದರೂ ಮಾಡಿಲ್ಲ. ನಾವು ಯಾರೂ ಮಾಡಿಲ್ಲ.

ವಯಸ್ಸು ಸಾಲದು ಎನ್ನುತ್ತೀರಾ? 1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನ ಒಂದಷ್ಟು ವಿದ್ಯಾರ್ಥಿಗಳು ಸೇರಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿದರು. ಮುಂದೆ ನಿಂತ ಆರ್. ಬಾಲಸುಬ್ರಹ್ಮಣ್ಯಂ ಅವರಿಗೆ ಆಗ ಇನ್ನೂ ಹತ್ತೊಂಬತ್ತು. ಅವರು ಬಂದದ್ದು ಎಲ್ಲಿಗೆ? ನಮ್ಮ ಎಚ್.ಡಿ. ಕೋಟೆಗೆ. ಜೇನು ಕುರುಬರ, ಬೆಟ್ಟ ಕುರುಬರ ಹಾಡಿಗಳಿಗೆ. ಕೆಂಚನಹಳ್ಳಿಯಲ್ಲಿ ಆಸ್ಪತ್ರೆ, ಹೊಸಹಳ್ಳಿಯಲ್ಲಿ ಶಾಲೆ, ಸರಗೂರಿನಲ್ಲಿ ಇನ್ನೂ ದೊಡ್ಡ ಆಸ್ಪತ್ರೆ ಎದ್ದು ನಿಂತವು. ಅವರು ಕಾಡಿನ ಅಂಚಿಗೆ ಬಂದು ಆಸ್ಪತ್ರೆ ಕಟ್ಟಿದರು. ನಿಮ್ಮನ್ನು ನಾನು ಕೇಳುತ್ತಿರುವುದು ನಿಮ್ಮದೇ ಬೀದಿಯ ಕೊನೆಯ ಮನೆಯ ಬಚ್ಚಲಿಗೆ ಹೋಗಿ ಎಂದು.

ಹೋದವರು ಮೊದಲು ಏನು ಮಾಡಬೇಕು? ಏನೂ ಮಾಡಬೇಡಿ. ಕೂತುಕೊಳ್ಳಿ. ಕಾಫಿ ಕೊಟ್ಟರೆ ಕುಡಿಯಿರಿ. ಆಮೇಲೆ, ರಾತ್ರಿ ಎದ್ದಾಗ ಹೇಗೆ ಹೋಗ್ತೀರಿ ತೋರಿಸಿ ಅಜ್ಜಿ ಎಂದು ಕೇಳಿ, ಹಿಂದೆ ಹಿಂದೆ ನಡೆಯಿರಿ. ಅವರ ಕೈ ಎಲ್ಲೆಲ್ಲಿ ಗೋಡೆ ಹುಡುಕುತ್ತದೆಯೋ ಅಲ್ಲಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿ. ನಿಮ್ಮ ನಕ್ಷೆ ಅದೇ.

ನಾನು ಅದನ್ನೇ ಮಾಡಲಿಲ್ಲ. ಆ ಹದಿನಾಲ್ಕು ಹೆಜ್ಜೆಯ ಮನೆಗೆ ಮುಂದಿನ ವಾರ ದೊಡ್ಡ ಉತ್ಸಾಹದಿಂದ ಸ್ಟೀಲಿನ ಹಿಡಿ ತಂದು ಜೋಡಿಸಿದೆ. ಅಜ್ಜಿ ಕತ್ತೆತ್ತಿ ಅದನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. "ಇದೇನ್ ಮಗ, ನನ್ನ ನೇತಾಕ್ಬುಡ್ಬೇಕು ಅಂತಿದ್ದೀಯಾ?" ಎಂದು ಸೆರಗು ಬಾಯಿಗೆ ಹಿಡಿದು ನಕ್ಕರು. ನಾನು ಅದನ್ನು ನನ್ನ ಎತ್ತರಕ್ಕೆ ಹಾಕಿದ್ದೆ. ನಗುತ್ತಲೇ ಅವರು ಅದನ್ನು ಜಗ್ಗಿದರು. ಮಣ್ಣಿನ ಗೋಡೆಯ ಹೆಂಟೆಯ ಜೊತೆ ಹಿಡಿಯೂ ಕೈಗೆ ಬಂತು. ಅವತ್ತು ಕಲಿತದ್ದು ಎರಡು. ಹಿಡಿಯ ಎತ್ತರ ನಿರ್ಧರಿಸುವುದು ಬಳಸುವವರ ಮೊಣಕೈ. ಹಳೆಯ ಮಣ್ಣಿನ ಗೋಡೆಗೆ ಸ್ಕ್ರೂ ನಿಲ್ಲುವುದಿಲ್ಲ; ಅಲ್ಲಿ ನೆಲ ಅಗೆದು, ಜಿಐ ಪೈಪು ನಿಲ್ಲಿಸಿ, ಬುಡಕ್ಕೆ ಕಾಂಕ್ರೀಟು ತುಂಬಬೇಕು. ಟವೆಲ್ ಹಾಕುವ ರಾಡನ್ನು ಹಿಡಿ ಎಂದುಕೊಳ್ಳಲೇಬೇಡಿ. ಜೋಡಿಸಿ ಮುಗಿದ ಮೇಲೆ ನಿಮ್ಮ ಗುಂಪಿನ ದಪ್ಪನೆಯವನನ್ನು ಕರೆದು ಅದಕ್ಕೆ ಜೋತುಬೀಳಲು ಹೇಳಿ. ಅವನನ್ನು ತಡೆದರೆ ಅಜ್ಜಿಯನ್ನೂ ತಡೆಯುತ್ತದೆ.

ಪಾಚಿಯನ್ನು ಬ್ಲೀಚಿಂಗ್ ಪೌಡರು ಹಾಕಿ ಉಜ್ಜಿ. ಮೆಟ್ಟಿಲಿನ ಅಂಚಿಗೆ ಎದ್ದು ಕಾಣುವ ಹಳದಿ ಬಣ್ಣ ಬಳಿಯಿರಿ, ಪೊರೆ ಬಂದ ಕಣ್ಣಿಗೆ ಸಿಮೆಂಟಿನ ಮೇಲೆ ಸಿಮೆಂಟು ಕಾಣುವುದಿಲ್ಲ. ಸವೆದು ಕನ್ನಡಿಯಾದ ಹವಾಯಿ ಚಪ್ಪಲಿಯನ್ನು ನೀವೇ ಎತ್ತಿ ಬಿಸಾಕಿ, ಬೈಸಿಕೊಳ್ಳಿ, ಹೊಸದು ತಂದುಕೊಡಿ. ಬಿಪಿ ಮಾತ್ರೆ ನುಂಗುವವರು ಮಲಗಿದಲ್ಲಿಂದ ದಡಕ್ಕನೆ ಎದ್ದರೆ ತಲೆಗೆ ರಕ್ತ ಏರುವ ಮೊದಲೇ ಕಣ್ಣು ಕತ್ತಲಾಗಬಹುದು. ಕಾಲು ಕೆಳಗಿಟ್ಟು ಒಂದು ನಿಮಿಷ ಮಂಚದ ಮೇಲೇ ಕೂತು ಏಳಲು ಹೇಳಿ. ಹೇಳಿದರೆ ಸಾಲದು. ಮಾಡಿಸಿ ತೋರಿಸಿ.

ಆಮೇಲೆ ನೀರು ಕಾಯಿಸುವ ಆ ರಾಡು. ನಮ್ಮ ಮನೆಗಳ ಮಹಾ ಮೃತ್ಯು ಅದು. ತಗಡಿನ ಬಕೆಟ್ಟಿನಲ್ಲಿ ಇಳಿಬಿಟ್ಟು, ಕಾದಿದೆಯೋ ಇಲ್ಲವೋ ಎಂದು ಬೆರಳು ಅದ್ದಿ ನೋಡುವ ಅಭ್ಯಾಸ ಎಷ್ಟು ಅಜ್ಜಿಯರಿಗಿಲ್ಲ? ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತು, ಆಮೇಲೆಯೇ ನೀರು ಮುಟ್ಟಬೇಕು. ಕರೆಂಟು ಸೋರಿದ ಕ್ಷಣವೇ ಕತ್ತರಿಸುವ 30 ಮಿಲಿಆಂಪಿಯರ್ ಆರ್‌ಸಿಸಿಬಿಯನ್ನು ಮೀಟರಿನ ಬಳಿ ಕೂರಿಸಿದರೆ ಒಂದು ಜೀವ ಉಳಿದೀತು. ಆದರೆ ಅದನ್ನು ಕೆಲಸ ಬಲ್ಲ ಎಲೆಕ್ಟ್ರಿಷಿಯನ್ನನೇ ಮಾಡಲಿ, ಪ್ರಯೋಗ ಬೇಡ. ಒಲೆಯ ಬಳಿ ಗ್ಯಾಸಿನ ಕಿತ್ತಳೆ ಬಣ್ಣದ ಟ್ಯೂಬನ್ನು ತಿರುಗಿಸಿ ಅದರ ಮೇಲಿನ ದಿನಾಂಕ ಓದಿ. ಐದು ವರ್ಷಕ್ಕೊಮ್ಮೆ ಬದಲಿಸಬೇಕಾದದ್ದು, ಎಷ್ಟೋ ಮನೆಗಳಲ್ಲಿ ಮಗಳ ಮದುವೆಯ ಕಾಲದ್ದು.

ನಮ್ಮ ಕಡೆಯ ಚಳಿ ನಿಮಗೆ ಗೊತ್ತು. ಕೊಡಗಿನ ಮಳೆ ಹೊಳೆ ದಾಟಿ ಬಂದ ರಾತ್ರಿ ಮುದಿ ಮೂಳೆಗಳು ಬೆಂಕಿ ಬೇಡುತ್ತವೆ. ಬಾಣಲೆಯಲ್ಲಿ ಕೆಂಡ ತುಂಬಿ, ಕಿಟಕಿ ಬಾಗಿಲು ಭದ್ರ ಮಾಡಿ ಮಲಗಿದರೆ ಆ ಕೆಂಡದಿಂದ ಏಳುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ನಿದ್ದೆಯಲ್ಲೇ ಮುಗಿಸುತ್ತದೆ. ಮೈ ಕಾಯಿಸಿಕೊಂಡ ಮೇಲೆ ಕೆಂಡ ಹೊರಗೆ ಹೋಗಬೇಕು, ಕಂಬಳಿ ಒಳಗೆ ಬರಬೇಕು. ಭತ್ತದ ಚೀಲ ಇರುವಲ್ಲಿ ಇಲಿ, ಇಲಿ ಇರುವಲ್ಲಿ ಹಾವು. ನೆಲದ ಮೇಲೆ ಮಲಗಿದವರ ಬಳಿಗೆ ಕಟ್ಟುಹಾವು ರಾತ್ರಿಯೇ ಬರುತ್ತದೆ, ಕಚ್ಚಿದ್ದು ಎಷ್ಟೋ ಸಲ ಗೊತ್ತೂ ಆಗುವುದಿಲ್ಲ. ಒಂದು ಮಂಚ, ಹಾಸಿಗೆಯ ಕೆಳಗೆ ಸಿಕ್ಕಿಸಿದ ಒಂದು ಸೊಳ್ಳೆಪರದೆ ಸಾಕು ಅದನ್ನು ದೂರ ಇಡಲು. ಕಚ್ಚಿದರೆ ಮಂತ್ರ ಬೇಡ, ಕುಯ್ಯುವುದು ಬೇಡ, ಬಿಗಿದು ಕಟ್ಟುವುದು ಬೇಡ. ಸೀದಾ ತಾಲೂಕು ಆಸ್ಪತ್ರೆ.

ಇಷ್ಟೆಲ್ಲ ಮಾಡಿದ ಮೇಲೂ ಬೀಳಬಹುದು. ಬಿದ್ದವರನ್ನು ಮೂಳೆ ಮುರಿತದಂತೆಯೇ ಹಾಳು ಮಾಡುವುದು ಬಿದ್ದಲ್ಲೇ ಗಂಟೆಗಟ್ಟಲೆ ಉಳಿಯುವುದು. ಆದ್ದರಿಂದ ಆ ಫೋನನ್ನು ದೇವರ ಪಕ್ಕದಿಂದ ಇಳಿಸಿ. ಬಟ್ಟೆಯ ಚೀಲ ಹೊಲಿದು ಕೊರಳಿಗೆ ಹಾಕಿ. ಕೀಪ್ಯಾಡ್ ಫೋನಿನಲ್ಲಿ ಎರಡನ್ನು ಒತ್ತಿ ಹಿಡಿದರೆ ಪಕ್ಕದ ಮನೆಗೆ, ಮೂರನ್ನು ಹಿಡಿದರೆ ಮಗನಿಗೆ ಹೋಗುವಂತೆ ಮಾಡಿಕೊಡಿ. ಗೋಡೆಯ ಮೇಲೆ, ಮಲಗಿದರೂ ಕಾಣುವಷ್ಟು ಕೆಳಗೆ, ಅಂಗೈ ಅಗಲದ ಅಂಕಿಗಳಲ್ಲಿ ಬರೆಯಿರಿ: ಆಂಬುಲೆನ್ಸಿಗೆ 108, ಯಾವುದೇ ತುರ್ತಿಗೆ 112, ಹಿರಿಯರ ಸಹಾಯವಾಣಿ 14567. ಬಚ್ಚಲ ಬಾಗಿಲಿನ ಒಳಚಿಲಕ ತೆಗೆಸಿ, ಬೇಕಾದರೆ ಪರದೆ ಸಾಕು. ಮುಂಬಾಗಿಲಿನ ಇನ್ನೊಂದು ಬೀಗದ ಕೈ ನಂಬಿಕೆಯ ನೆರೆಮನೆಯಲ್ಲಿರಲಿ. ಬಿದ್ದವರನ್ನು ಕಂಡರೆ ಕಂಕುಳಿಗೆ ಕೈ ಹಾಕಿ ದರದರ ಎತ್ತಬೇಡಿ, ಸೊಂಟ ಮುರಿದಿದ್ದರೆ ಇನ್ನಷ್ಟು ಸರಿಯುತ್ತದೆ. ಕಂಬಳಿ ಹೊದಿಸಿ, ಧೈರ್ಯ ಹೇಳಿ, 108ಕ್ಕೆ ಕರೆ ಮಾಡಿ.

ಕಾನೂನು ನಿಮ್ಮ ಜೊತೆಗಿದೆ. ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯ್ದೆ 2007ರಲ್ಲೇ ಬಂತು. ಕೈಬಿಟ್ಟ ಮಕ್ಕಳಿಂದ ಜೀವನಾಂಶ ಕೇಳಲು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲೂಕುಗಳ ಹಿರಿಯರು ಹೋಗಬೇಕಾದದ್ದು ಹುಣಸೂರಿನ ಉಪವಿಭಾಗಾಧಿಕಾರಿಯ ಮುಂದೆ. ವಕೀಲರು, ಕೋರ್ಟು ಕಚೇರಿ ಎಂಬ ಅಲೆದಾಟ ಬೇಡ. ನನಗೆ ಅದಕ್ಕಿಂತ ಇಷ್ಟವಾದದ್ದು ಆ ಕಾಯ್ದೆಗಾಗಿ ಕೇಂದ್ರ ಹೊರಡಿಸಿದ ಮಾದರಿ ನಿಯಮಗಳಲ್ಲಿ ಅಡಗಿರುವ ಒಂದು ಮಾತು. ಪ್ರತಿ ಪೊಲೀಸ್ ಠಾಣೆಯೂ ತನ್ನ ವ್ಯಾಪ್ತಿಯಲ್ಲಿ ಒಬ್ಬರೇ ಇರುವ ಹಿರಿಯರ ಪಟ್ಟಿ ಇಡಬೇಕು, ಸ್ವಯಂಸೇವಕರ ಜೊತೆ ತಿಂಗಳಿಗೊಮ್ಮೆಯಾದರೂ ಅವರ ಮನೆಗೆ ಹೋಗಬೇಕು ಎನ್ನುತ್ತದೆ ಅದು. ಆ ಸ್ವಯಂಸೇವಕರು ಯಾರು? ನೀವಲ್ಲದೆ ಇನ್ನಾರು? ನಿಮ್ಮ ಠಾಣೆಗೆ ಹೋಗಿ ಪಟ್ಟಿ ಇದೆಯೇ ಎಂದು ವಿನಯದಿಂದ ಕೇಳಿ. ಇಲ್ಲದಿದ್ದರೆ ನೀವೇ ಬರೆದು ಕೊಡಿ. ಬೆಂಗಳೂರಿನಲ್ಲಿ 2002ರಲ್ಲೇ ನಗರ ಪೊಲೀಸರೂ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟೂ ಸೇರಿ 1090 ಎಂಬ ಹಿರಿಯರ ಸಹಾಯವಾಣಿ ನಡೆಸತೊಡಗಿದರು. ನಗರಕ್ಕೆ ಸಾಧ್ಯವಾದದ್ದು, ಎಲ್ಲರ ಮನೆ ಎಲ್ಲರಿಗೂ ಗೊತ್ತಿರುವ ನಮ್ಮ ಹಳ್ಳಿಗೆ ಆಗದೇ?

ಈಗ ಒಂದು ಲೆಕ್ಕ. ಗಾಂಧೀಜಿಯ ಶತಮಾನೋತ್ಸವದ ವರ್ಷ, 1969ರಲ್ಲಿ, ರಾಷ್ಟ್ರೀಯ ಸೇವಾ ಯೋಜನೆ (ಎನ್‌ಎಸ್‌ಎಸ್) ಶುರುವಾಯಿತು. ಪ್ರತಿ ಎನ್‌ಎಸ್‌ಎಸ್ ವಿದ್ಯಾರ್ಥಿ ಎರಡು ವರ್ಷದಲ್ಲಿ 240 ಗಂಟೆ ಸೇವೆ ಸಲ್ಲಿಸಬೇಕು. ನೂರು ಮಂದಿಯ ಒಂದು ಘಟಕ. ನಾಲ್ವರ ಒಂದು ತಂಡವಾದರೆ ಇಪ್ಪತ್ತೈದು ತಂಡ. ಒಂದು ಮನೆಗೆ ನಾಲ್ಕು ಗಂಟೆ ಹಿಡಿದರೂ ಒಂದು ತಂಡಕ್ಕೆ ಅರವತ್ತು ಮನೆ. ಒಂದೇ ಕಾಲೇಜಿನ ಒಂದೇ ಘಟಕ ಎರಡು ವರ್ಷದಲ್ಲಿ ಸಾವಿರದ ಐನೂರು ಮನೆ! ಹುಣಸೂರಿನಲ್ಲಿ ಕಾಲೇಜಿಲ್ಲವೇ? ಪಿರಿಯಾಪಟ್ಟಣದಲ್ಲಿ, ಕೆ.ಆರ್. ನಗರದಲ್ಲಿ, ಎಚ್.ಡಿ. ಕೋಟೆಯಲ್ಲಿ ಇಲ್ಲವೇ? ಏಳು ದಿನದ ಶಿಬಿರದಲ್ಲಿ ಗಿಡ ನೆಟ್ಟು ಫೋಟೋ ತೆಗೆಸಿಕೊಂಡು ಬಂದದ್ದು ಸಾಕು. ಆ ಗಿಡಗಳಲ್ಲಿ ಎಷ್ಟು ಉಳಿದವು ಎಂದು ನಾನು ಕೇಳುವುದಿಲ್ಲ. ಅರ್ಧ ದಿನ ಒಬ್ಬ ಅಜ್ಜಿಯ ಬಚ್ಚಲು ಉಜ್ಜಿ ಬನ್ನಿ. ಫೋಟೋ ಬೇಡ.

ಒಬ್ಬರೇ ಇರುವವರ ಮರ್ಯಾದೆ ತೆಳು ಗಾಜಿನಂಥದ್ದು. ಪಾಪ ಎನ್ನಬೇಡಿ. ಉಪಕಾರಕ್ಕೆ ಬಂದಿದ್ದೇವೆ ಎನ್ನಬೇಡಿ. ನಿಮ್ಮ ಮನೆಯಲ್ಲಿ ಕೆಲಸ ಕಲಿಯೋಣ ಅಂತ ಬಂದೆವು ಎನ್ನಿ, ಅದು ಸುಳ್ಳೂ ಅಲ್ಲ. ಕೂಲಿಯಾಗಿ ಒಂದು ಕತೆ ಕೇಳಿ. ಬ್ಯಾರನ್ನಿನ ಮುಂದಿನ ರಾತ್ರಿಗಳ ಕತೆ, ಚುಂಚನಕಟ್ಟೆ ಜಾತ್ರೆಯಲ್ಲಿ ಎತ್ತು ಕೊಂಡ ಕತೆ, ಬೆಟ್ಟದಪುರದ ಬೆಟ್ಟ ಹತ್ತಿದ ಕತೆ. ಬೇಡಬೇಡ ಎನ್ನುತ್ತಲೇ ಅವರು ಬಾಗಿಲು ಪೂರ್ತಿ ತೆರೆಯುತ್ತಾರೆ.

ನಿಮ್ಮಲ್ಲಿ ಬಸ್ಸು ಹತ್ತಿ ದೂರ ಹೋದವರಿಗೆ ಒಂದು ಮಾತು. ಹಬ್ಬಕ್ಕೆ ಬಂದಾಗ ಟೀವಿ ತರಬೇಡಿ, ಡ್ರಿಲ್ ಬಿಟ್‌ಗಳನ್ನು ತನ್ನಿ. ನಿಮ್ಮ ಅವ್ವನ ಬಚ್ಚಲು ಮುಗಿದ ಮೇಲೆ ಪಕ್ಕದ ಮನೆಯದನ್ನೂ ನೋಡಿ. ನೀವು ಬೆಂಗಳೂರಿನಲ್ಲಿ ನಿದ್ದೆ ಮಾಡುವಾಗ ನಿಮ್ಮ ಅವ್ವನ ಕೂಗು ಕೇಳುವುದು ಆ ಪಕ್ಕದ ಮನೆಗೇ.

ಆ ಹದಿನಾಲ್ಕು ಹೆಜ್ಜೆಯ ಮನೆಯಲ್ಲಿ ಈಗ ಬಚ್ಚಲ ಮೆಟ್ಟಿಲ ಪಕ್ಕ ಒಂದು ಜಿಐ ಪೈಪಿನ ಕಂಬವಿದೆ, ಅಜ್ಜಿಯ ಮೊಣಕೈ ಎತ್ತರಕ್ಕೆ ಅಡ್ಡಪಟ್ಟಿಯಿದೆ. ಅಜ್ಜಿ ಅದಕ್ಕೆ ಅರಿಶಿನ ಕುಂಕುಮ ಹಚ್ಚಿದ್ದಾರೆ. ಅದೇ ಬೀದಿಯಲ್ಲಿ ಒಬ್ಬರೇ ಇರುವವರ ಮನೆ ಇನ್ನೂ ನಾಲ್ಕಿವೆ. ಈ ಭಾನುವಾರ ಬೆಳಗ್ಗೆ ಎಂಟಕ್ಕೆ ಬನ್ನಿ. ಅಳತೆಯ ಟೇಪು ತರಲು ಮರೆಯಬೇಡಿ.